ಋಣಾನುಬಂಧದ ಹಾಡು

ಹಳಗನ್ನಡದ ತರಗತಿಯಲ್ಲಿ ಪ್ರತಿವರ್ಷವೂ ತಪ್ಪದೆ ನಾನು ಬೋಧಿಸಬೇಕಾದ ವಿಷಯಗಳಲ್ಲಿ ಪೂರ್ವಕವಿಸ್ಮರಣೆಯೂ ಒಂದು. ನಮ್ಮ ಚಂಪೂಕವಿಗಳು ಕಥೆಗೆ ಕೈಯಿಡುವ ಮೊದಲು ಇಷ್ಟದೇವತೆಗಳನ್ನು ಸ್ತುತಿಸಿ, ಅನಂತರ ತಮಗಿಂತ ಹಿಂದೆ ಆಗಿಹೋದ ಕವಿಗಳನ್ನು ನೆನೆಯುವ ಪದ್ಧತಿಯುಂಟಷ್ಟೆ. ಪರೀಕ್ಷೆಯ ದೃಷ್ಟಿಯಿಂದ ಅದೊಂದು ಸಣ್ಣ ಟಿಪ್ಪಣಿ. ಅದಕ್ಕಿಂತ ಹೆಚ್ಚಿನ ಬೆಲೆಯನ್ನು ವಿದ್ಯಾರ್ಥಿಗಳು ಅದಕ್ಕೆ ಕೊಡುವುದಿಲ್ಲ. ಆದರೆ ಈ ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸಾರ್, ಇಷ್ಟೊಂದು ಜನರಿಂದ ಕಲಿತುಕೊಂಡೆ ಅಂತ ಕವಿಯೇ ಒಪ್ಪಿಕೊಂಡುಬಿಟ್ಟರೆ, ಅವನದೇ ಅನ್ನೋದು ಏನು ಉಳಿಯಿತು?" ಎಂದು ಕೇಳಿದನು. ವಿನಯ, ಪರಂಪರೆ, ಸಂಪ್ರದಾಯ ಎಂಬ ಮೂರು ದೊಡ್ಡ ಮಾತುಗಳನ್ನು ಹಿಡಿದು ನಾನು ಏನೋ ಸಮಾಧಾನ ಹೇಳಿದೆ. ಅಷ್ಟರಲ್ಲಿ ಗಂಟೆ ಬಾರಿಸಿತು. ಗಂಟೆ ಬಾರಿಸಿದ್ದರಿಂದ ಉಳಿದುಕೊಂಡವನು ನಾನು. ಹುಡುಗನ ಪ್ರಶ್ನೆ ಉತ್ತರವಿಲ್ಲದೆ ಹಾಗೆಯೇ ಉಳಿಯಿತು.

ಕೆಲವು ದಿನಗಳ ತರುವಾಯ ಬಸ್ ನಿಲ್ದಾಣದಲ್ಲಿ ಅದೇ ಹುಡುಗ ಕಿವಿಗೆ ತಂತಿ ಸಿಕ್ಕಿಸಿಕೊಂಡು, ಕಾಲಿನಿಂದ ತಾಳ ಹಾಕುತ್ತ ನಿಂತಿದ್ದನು. "ಏನಪ್ಪಾ ಕೇಳುತ್ತಿದ್ದೀಯೆ?" ಎಂದೆ. ಸಂಕೋಚಪಡುತ್ತಲೆ, "ಬ್ಲೂಸ್ ಬ್ರದರ್ಸ್ ಅಂತ ಸಾರ್. ಹಳೇ ಇಂಗ್ಲಿಷ್ ಸಿನಿಮಾದವರು" ಎಂದು ಒಂದು ಕಿವಿಯ ತಂತಿಯನ್ನು ನನಗೆ ಕೊಟ್ಟನು. 'ಶಾಟ್‌ಗನ್ ಬ್ಲೂಸ್' ಎಂಬ ಹಾಡು. ಹಾಡು ಮುಗಿದ ಮೇಲೆ, ಇದನ್ನು ಕಟ್ಟಿದವರು ಯಾರು ಎಂದು ಕೇಳಿದೆ. "ಅವರೇ ಇರಬೇಕು ಸಾರ್" ಎಂದನು.

ಅವರಲ್ಲ. ವಿದ್ಯಾರ್ಥಿನಿಲಯದಲ್ಲಿದ್ದ ಕಾಲದಿಂದ ನನಗೂ ಈ ಬ್ಲೂಸ್ ಎಂಬ ಗಾನದ ಹುಚ್ಚು ಸ್ವಲ್ಪ ಹಿಡಿದಿರುವುದರಿಂದ ಆ ಹಾಡಿನ ಮೂಲ ನನಗೆ ತಿಳಿದಿತ್ತು. ಅದು ಕೆನಡಾ ದೇಶದ ಟೊರಾಂಟೋ ನಗರದ ಡೌನ್‌ಚೈಲ್ಡ್ ಎಂಬ ವಾದ್ಯವೃಂದದ ಹಾಡು. ಬಸ್ಸು ಹತ್ತಿ ಕುಳಿತವನಿಗೆ, ಆ ವೃಂದದ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ನೆನೆದುಕೊಂಡಾಗ, ತರಗತಿಯಲ್ಲಿ ನಾನು ಕೊಡಲಾರದೆ ಹೋದ ಉತ್ತರ ಅಲ್ಲಿಯೇ ಇದೆಯೆಂದು ತೋರಿತು. ಆ ಕಥೆಯನ್ನು ಈ ವಾರ ವಾಚಕರ ಮುಂದಿಡುತ್ತೇನೆ.

ಮೊದಲು ಬ್ಲೂಸ್ ಎಂದರೇನೆಂಬುದನ್ನು ಎರಡು ಮಾತುಗಳಲ್ಲಿ ಹೇಳಬೇಕು. ಇಂಗ್ಲಿಷಿನಲ್ಲಿ ನೀಲಿ ಬಣ್ಣಕ್ಕೂ ಮನಸ್ಸಿನ ಖಿನ್ನತೆಗೂ ನಂಟು. ಅಮೆರಿಕದಲ್ಲಿ 1865ರಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ಕೊನೆಗಂಡಿತು. ಆದರೆ ದಕ್ಷಿಣದ ಹತ್ತಿಯ ಹೊಲಗಳಲ್ಲಿ ಕರಿಯ ಜನರ ಬಾಳು ಅದರಿಂದ ಹಸನಾಗಲಿಲ್ಲ. ಆ ಜನರ ದುಡಿಮೆಯ ಹಾಡು, ದೇವರ ಹಾಡು, ಒಂಟಿತನದ ಕೂಗು ಇವೆಲ್ಲ ಬೆರೆತು, ಹತ್ತೊಂಬತ್ತನೆಯ ಶತಮಾನ ಮುಗಿದು ಇಪ್ಪತ್ತನೆಯದು ಮೊದಲಾಗುವ ಸುಮಾರಿಗೆ ಈ ಗಾನಪ್ರಕಾರ ರೂಪುಗೊಂಡಿತು. ಮಿಸಿಸಿಪಿ ಸೀಮೆಯ ಬಯಲು ಇದರ ತವರುಗಳಲ್ಲೊಂದು. ಇದರ ಕಟ್ಟು ಬಹಳ ಸರಳ. ಸಾಮಾನ್ಯವಾಗಿ ನಮ್ಮ ತ್ರಿಪದಿಯಂತೆ ಇದಕ್ಕೂ ಮೂರು ಸಾಲು. ಮೊದಲ ಸಾಲಿನಲ್ಲಿ ಗಾಯಕ ತನ್ನ ಸಂಕಟವನ್ನು ಹೇಳುತ್ತಾನೆ. ಎರಡನೆಯದರಲ್ಲಿ ಅದನ್ನೇ ಮತ್ತೊಮ್ಮೆ ಹೇಳುತ್ತಾನೆ. ಮೂರನೆಯದರಲ್ಲಿ ಅದಕ್ಕೊಂದು ಉತ್ತರವನ್ನೋ, ವ್ಯಂಗ್ಯವನ್ನೋ, ನಿಟ್ಟುಸಿರನ್ನೋ ಇಟ್ಟು ಮುಗಿಸುತ್ತಾನೆ. ಈ ಮೂರು ಸಾಲಿಗೆ ಹನ್ನೆರಡು ಆವರ್ತಗಳ ತಾಳ. ಪ್ರತಿ ಸಾಲಿನ ಮೊದಲರ್ಧ ಕಂಠಕ್ಕೆ, ಉಳಿದರ್ಧ ವಾದ್ಯಕ್ಕೆ. ಕಂಠ ಕೇಳುತ್ತದೆ, ಗಿಟಾರೋ ಮೌತ್ ಆರ್ಗನ್ನೋ ಉತ್ತರ ಕೊಡುತ್ತದೆ.

ಈ ಹನ್ನೆರಡು ಆವರ್ತಗಳ ಕಟ್ಟಿಗೆ ಒಡೆಯರಿಲ್ಲ. ಯಾರು ಬೇಕಾದರೂ ಅದರೊಳಗೆ ತಮ್ಮ ಮಾತನ್ನು ತುಂಬಬಹುದು. ಆದ್ದರಿಂದಲೇ ಬ್ಲೂಸ್ ಹಾಡುವವನಿಗೆ ಸಾಲ ಮಾಡದೆ ವಿಧಿಯಿಲ್ಲ. ಹಾಡಲು ಬಾಯಿ ತೆರೆದ ಕ್ಷಣದಲ್ಲಿಯೇ ಅವನು ಸಾಲಗಾರನಾಗಿರುತ್ತಾನೆ.

ಟೊರಾಂಟೋ ನಗರ ಇರುವುದು ಒಂಟಾರಿಯೋ ಸರೋವರದ ದಂಡೆಯಲ್ಲಿ. ಚಳಿಗಾಲದಲ್ಲಿ ಹಿಮ ಸುರಿಯುವ ಊರು. ಮಿಸಿಸಿಪಿಯ ಹತ್ತಿಯ ಬಯಲಿಗೂ ಅದಕ್ಕೂ ಸುಮಾರು 1400 ಕಿಲೋಮೀಟರುಗಳ ಅಂತರ. ಆ ಊರಿನ ಬಿಳಿಯ ತರುಣ ಡಾನಿ ವಾಲ್ಶ್ ಎಂಬಾತನಿಗೆ ಗಾನತಟ್ಟೆಗಳ ಮೂಲಕ ಈ ಗಾನದ ಪರಿಚಯವಾಯಿತು. ಮಿಸಿಸಿಪಿಯಲ್ಲಿ 1925ರಲ್ಲಿ ಹುಟ್ಟಿದ ಜಿಮ್ಮಿ ರೀಡ್ ಎಂಬ ಕರಿಯ ಗಾಯಕ ಅವನನ್ನು ಸೆರೆಹಿಡಿದನು. ಕೊರಳಿಗೆ ಸಿಕ್ಕಿಸಿದ ಚೌಕಟ್ಟಿನಲ್ಲಿ ಮೌತ್ ಆರ್ಗನ್ನನ್ನಿಟ್ಟು ಊದುತ್ತ, ಕೈಯಲ್ಲಿ ಗಿಟಾರ್ ನುಡಿಸುತ್ತ, ನಡುನಡುವೆ ಅವಸರವಿಲ್ಲದ ದನಿಯಲ್ಲಿ ಹಾಡುತ್ತಿದ್ದವನು ಜಿಮ್ಮಿ ರೀಡ್. ಡಾನಿಯೂ ಗಿಟಾರ್ ಮತ್ತು ಮೌತ್ ಆರ್ಗನ್ ಎರಡನ್ನೂ ಕಲಿತನು. ಅವನ ತಮ್ಮ ರಿಚರ್ಡ್. ಎಲ್ಲರೂ ಅವನನ್ನು ಕರೆಯುತ್ತಿದ್ದುದು ಹಾಕ್ ಎಂದು. ತಮ್ಮನಿಗೆ ದೇವರು ಕಂಠವನ್ನು ಕೊಟ್ಟಿದ್ದನು. ಅಣ್ಣನ ಕೈ, ತಮ್ಮನ ಕೊರಳು, ಇವೆರಡೇ ಆ ವೃಂದದ ಮೂಲಧನ.

1969ರ ಬೇಸಿಗೆಯಲ್ಲಿ ಟೊರಾಂಟೋದ ಸ್ಪಡೈನಾ ಬೀದಿಯ ಗ್ರಾಸ್‌ಮನ್ಸ್ ಟ್ಯಾವರ್ನ್ ಎಂಬ ಪಾನಗೃಹದಲ್ಲಿ ವಾಲ್ಶ್ ಸೋದರರು ತಮ್ಮ ವೃಂದವನ್ನು ಮೊದಲ ಬಾರಿ ಜನರ ಮುಂದೆ ನಿಲ್ಲಿಸಿದರು. ಬಾಸ್ ಗಿಟಾರಿಗೆ ಜಿಮ್ ಮಿಲ್ನ್ ಇದ್ದನು. ಡ್ರಮ್ಮು, ಸ್ಯಾಕ್ಸೊಫೋನುಗಳು ಕೂಡಿಕೊಂಡವು. ವೃಂದದ ಹೆಸರು ಡೌನ್‌ಚೈಲ್ಡ್ ಬ್ಲೂಸ್ ಬ್ಯಾಂಡ್.

ಈ ಹೆಸರಿನ ಕಥೆ ಸ್ವಾರಸ್ಯವಾದುದು. ಸನ್ನಿ ಬಾಯ್ ವಿಲಿಯಮ್ಸನ್ ಎಂಬ ಪ್ರಸಿದ್ಧ ಮೌತ್ ಆರ್ಗನ್ ವಾದಕನು 'ಮಿಸ್ಟರ್ ಡೌನ್‌ಚೈಲ್ಡ್' ಎಂಬ ಹಾಡನ್ನು ಹಾಡಿದ್ದನು. ಅದರಿಂದ ಎತ್ತಿಕೊಂಡ ಹೆಸರು ಅದು. ಆದರೆ ಸನ್ನಿ ಬಾಯ್ ವಿಲಿಯಮ್ಸನ್ ಎಂಬುದಾದರೂ ಆತನ ಸ್ವಂತ ಹೆಸರೆ? ಅದೂ ಅಲ್ಲ! ಆತನ ಮನೆತನದ ಹೆಸರು ಮಿಲ್ಲರ್. ಜಾನ್ ಲೀ ವಿಲಿಯಮ್ಸನ್ ಎಂಬ ಇನ್ನೊಬ್ಬ ಮೌತ್ ಆರ್ಗನ್ ವಾದಕನು ಆಗಲೇ ಸನ್ನಿ ಬಾಯ್ ಎಂಬ ಹೆಸರಿನಿಂದ ಕೀರ್ತಿ ಪಡೆದಿದ್ದನು. ಅವನು ಬದುಕಿರುವಾಗಲೇ ಮಿಲ್ಲರ್ ಆ ಹೆಸರನ್ನು ತಾನೂ ಇಟ್ಟುಕೊಂಡುಬಿಟ್ಟನು. 1941ರಿಂದ ಅರ್ಕಾನ್ಸಾ ಸಂಸ್ಥಾನದ ಹೆಲೆನಾ ಎಂಬ ಊರಿನ ಬಾನುಲಿಯಲ್ಲಿ ಹಿಟ್ಟಿನ ವ್ಯಾಪಾರಿಗಳ ಜಾಹೀರಾತಿಗಾಗಿ ಪ್ರತಿದಿನ ನುಡಿಸುತ್ತ ಆ ಹೆಸರನ್ನು ಮನೆಮನೆಗೂ ಮುಟ್ಟಿಸಿದನು. ಮೊದಲ ಸನ್ನಿ ಬಾಯ್ 1948ರಲ್ಲಿ ಷಿಕಾಗೋದಲ್ಲಿ ಕೊಲೆಗೆ ಈಡಾದನು; ಎರಡನೆಯವನು 1965ರಲ್ಲಿ ತೀರಿಕೊಂಡನು. ಇಂದು ಗ್ರಂಥಕರ್ತರು ಇವರನ್ನು ನಮ್ಮ ಇಮ್ಮಡಿ ಪುಲಕೇಶಿಯಂತೆ ಒಂದನೆಯ ಸನ್ನಿ ಬಾಯ್, ಎರಡನೆಯ ಸನ್ನಿ ಬಾಯ್ ಎಂದು ಅಂಕೆ ಹಾಕಿ ಗುರುತಿಸುತ್ತಾರೆ. ಇಮ್ಮಡಿ ಪುಲಕೇಶಿ ತಾತನ ಹೆಸರನ್ನು ಹಕ್ಕಿನಿಂದ ಪಡೆದನು. ಇಮ್ಮಡಿ ಸನ್ನಿ ಬಾಯ್ ಕೇಳದೆಯೆ ತೆಗೆದುಕೊಂಡನು. ಅಂತೂ ಹೆಸರನ್ನು ಎರವಲು ತಂದವನ ಹಾಡಿನಿಂದ ತಮ್ಮ ಹೆಸರನ್ನು ಎರವಲು ತಂದವರು ಈ ಟೊರಾಂಟೋದವರು.

ಟೊರಾಂಟೋದಲ್ಲಿ ಆಗ ರಾಚ್‌ಡೇಲ್ ಕಾಲೇಜು ಎಂಬ ವಿಚಿತ್ರ ಸಂಸ್ಥೆಯೊಂದಿತ್ತು. 18 ಅಂತಸ್ತಿನ ಕಟ್ಟಡ. ವಿದ್ಯಾರ್ಥಿಗಳೇ ನಡೆಸಿಕೊಳ್ಳುತ್ತಿದ್ದ ಪ್ರಯೋಗಶಾಲೆ. 1968ರಲ್ಲಿ ತೆರೆದು 1975ರಲ್ಲಿ ಮುಚ್ಚಿತು. ಅದರ ನೆಲಮಾಳಿಗೆಯಲ್ಲಿ, ಕಾರು ನಿಲ್ಲಿಸುವ ಜಾಗದ ಮಗ್ಗುಲಲ್ಲಿ ಹೇಗೋ ಹೊಂದಿಸಿಕೊಂಡ ಧ್ವನಿಮುದ್ರಣ ಕೊಠಡಿಯಲ್ಲಿ ಡೌನ್‌ಚೈಲ್ಡ್ ವೃಂದದ ಮೊದಲ ತಟ್ಟೆ ಸಿದ್ಧವಾಯಿತು. 1971ರಲ್ಲಿ ಹೊರಬಿದ್ದ ಆ ತಟ್ಟೆಗೆ ಅವರಿಟ್ಟ ಹೆಸರು 'ಬೂಟ್‌ಲೆಗ್'. ಕಳ್ಳಮಾಲು ಎಂದು ಅದರ ಅರ್ಥ. ತಾವು ಮಾರುತ್ತಿರುವುದು ಬೇರೆಯವರ ಸರಕೆಂದು ಅವರೇ ನಕ್ಕು ಹೇಳಿಕೊಂಡ ಹಾಗಿತ್ತು ಆ ಹೆಸರು. ಕೆನಡಾದಲ್ಲಿ ದೊಡ್ಡ ಕಂಪನಿಗಳ ಹಂಗಿಲ್ಲದೆ ಕಲಾವಿದರೇ ತಯಾರಿಸಿದ ತಟ್ಟೆಗಳಲ್ಲಿ ಅದು ಮೊದಮೊದಲಿನದು.

1973ರಲ್ಲಿ 'ಸ್ಟ್ರೇಟ್ ಅಪ್' ಎಂಬ ಎರಡನೆಯ ತಟ್ಟೆ ಬಂದಿತು. ಕ್ಯಾನ್ಸಸ್ ಸಿಟಿಯ ಭಾರೀ ಆಳು ಬಿಗ್ ಜೋ ಟರ್ನರ್ 1955ರಲ್ಲಿ ಹಾಡಿ ಪ್ರಸಿದ್ಧಿಗೆ ತಂದಿದ್ದ 'ಫ್ಲಿಪ್, ಫ್ಲಾಪ್ ಅಂಡ್ ಫ್ಲೈ' ಎಂಬ ಹಾಡನ್ನು ಹಾಕ್ ಅದರಲ್ಲಿ ಹಾಡಿದನು. ಕೆನಡಾದ ಬಾನುಲಿಗಳಲ್ಲೆಲ್ಲ ಅದು ಮೊಳಗಿತು; ಪಾನಗೃಹದ ವೃಂದ ದೇಶದ ವೃಂದವಾಯಿತು. ಅದೇ ತಟ್ಟೆಯಲ್ಲಿ ವೃಂದದ ಸ್ವಂತ ಹಾಡುಗಳೂ ಇದ್ದವು. ಅವುಗಳಲ್ಲಿ ಒಂದು, ನನ್ನ ವಿದ್ಯಾರ್ಥಿ ಬಸ್ ನಿಲ್ದಾಣದಲ್ಲಿ ಕೇಳುತ್ತಿದ್ದ 'ಶಾಟ್‌ಗನ್ ಬ್ಲೂಸ್'. ಇನ್ನೊಂದು, ತನಗೆ ಬೇಕಾದುದೆಲ್ಲ 'ಹೆಚ್ಚು ಕಡಮೆ' ಇದೆಯೆಂದು ಹೇಳಿಕೊಳ್ಳುವವನ ಹಾಡು.

ಅದೇ ವರ್ಷ ವೃಂದಕ್ಕೆ ಜೇನ್ ವೇಸಿ ಎಂಬ ತರುಣಿ ಬಂದಳು. ವಿನಿಪೆಗ್ ನಗರದವಳು, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಕ್ರಮವಾಗಿ ಪಿಯಾನೋ ಅಭ್ಯಾಸ ಮಾಡಿದವಳು. ಬರೆದಿಟ್ಟ ಸ್ವರಗಳನ್ನು ಒಂದೂ ತಪ್ಪದೆ ನುಡಿಸುವ ಶಿಸ್ತಿನಲ್ಲಿ ಬೆಳೆದ ಬೆರಳುಗಳು, ಬರೆದಿಡದ ಸಂಗೀತಕ್ಕೆ ಒಗ್ಗಿಕೊಂಡ ಬಗೆಯನ್ನು ಆ ಕಾಲದ ಧ್ವನಿಮುದ್ರಿಕೆಗಳಲ್ಲಿ ಇಂದಿಗೂ ಕೇಳಬಹುದು. ಗಂಡಸರೇ ತುಂಬಿದ್ದ ಆ ಮೇಳದಲ್ಲಿ, ರಾತ್ರಿಯೆಲ್ಲ ಪಾನಗೃಹಗಳ ಹೊಗೆಯಲ್ಲಿ, ಹಗಲೆಲ್ಲ ಊರಿಂದೂರಿಗೆ ವ್ಯಾನಿನಲ್ಲಿ, ಆಕೆ ಒಂಬತ್ತು ವರ್ಷಗಳ ಕಾಲ ನುಡಿಸಿದಳು.

ಇಷ್ಟರವರೆಗೆ ಇದು ಏಳಿಗೆಯ ಕಥೆ. ಇನ್ನು ಮುಂದೆ ಎರಡು ಕವಲಾಗಿ ಒಡೆಯುತ್ತದೆ.

ಮೊದಲನೆಯ ಕವಲು ಮನೆಯೊಳಗಿನದು. 1970ರ ದಶಕದ ಮಧ್ಯಭಾಗದಲ್ಲಿ, ಹೆಸರು ಬಂದು ನಾಲ್ಕು ಜನ ಗುರುತಿಸುವ ಹೊತ್ತಿಗೆ ಸರಿಯಾಗಿ, ಅಣ್ಣತಮ್ಮಂದಿರ ದಾರಿ ಬೇರೆಯಾಯಿತು. ಹಾಕ್ ವೃಂದದಿಂದ ಹೊರಬಿದ್ದನು. ಟೋನಿ ಫ್ಲೇಮ್ ಎಂಬ ಗಾಯಕ ಅವನ ಸ್ಥಾನಕ್ಕೆ ಬಂದನು. ಅನಂತರದ ವರ್ಷಗಳಲ್ಲಿ ಹಾಕ್ ಮರಳಿ ಬಂದದ್ದುಂಟು, ಮರಳಿ ಹೋದದ್ದೂ ಉಂಟು. ತಪ್ಪು ಯಾರದೆಂದು ನ್ಯಾಯ ಹೇಳಲು ನಾವು ಯಾರು? ಕೂಡುಕುಟುಂಬದಲ್ಲಿ ಬೆಳೆದವರಿಗೆ ಇಷ್ಟು ತಿಳಿದಿರುತ್ತದೆ: ಒಂದೇ ತಟ್ಟೆಯಲ್ಲಿ ಉಂಡ ಅಣ್ಣತಮ್ಮಂದಿರು ಒಂದೇ ಕಣದಲ್ಲಿ ದುಡಿಯುವುದು ಸುಲಭವಲ್ಲ, ಪಾಲಾದ ಮೇಲೆಯೂ ಒಬ್ಬರನ್ನೊಬ್ಬರು ಬಿಟ್ಟಿರುವುದೂ ಸುಲಭವಲ್ಲ.

ಎರಡನೆಯ ಕವಲು ಲೋಕವನ್ನೆಲ್ಲ ಸುತ್ತಿತು. ಕೆನಡಾದ ಆಟವಾ ನಗರದ ಡ್ಯಾನ್ ಏಕ್ರಾಯ್ಡ್ ಎಂಬ ಹಾಸ್ಯನಟನಿಗೆ ಡೌನ್‌ಚೈಲ್ಡ್ ವೃಂದವೆಂದರೆ ಪ್ರಾಣ. 1970ರ ದಶಕದ ಆರಂಭದಲ್ಲಿ ಅವನು ಟೊರಾಂಟೋದಲ್ಲಿದ್ದಾಗ, ನಾಟಕ ಮುಗಿದ ಮೇಲೆ ಗೆಳೆಯರು ಸೇರುವ ಅಡ್ಡೆಯೊಂದನ್ನು ನಡೆಸುತ್ತಿದ್ದನು. ಅಲ್ಲಿಗೆ ಅಮೆರಿಕದಿಂದ ಜಾನ್ ಬೆಲುಷಿ ಎಂಬ ಇನ್ನೊಬ್ಬ ಹಾಸ್ಯನಟ ಬಂದನು. ಆ ರಾತ್ರಿ ಏಕ್ರಾಯ್ಡ್ ಹಾಕಿದ ತಟ್ಟೆಯನ್ನು ಕೇಳಿ ಬೆಲುಷಿ ಬೆರಗಾದನು. ಇದು ಇದೇ ಊರಿನ ಡೌನ್‌ಚೈಲ್ಡ್ ವೃಂದ ಎಂದು ಏಕ್ರಾಯ್ಡ್ ತಿಳಿಸಿದನು. ಬ್ಲೂಸ್ ಹುಟ್ಟಿದ ದೇಶದವನಿಗೆ ಬ್ಲೂಸಿನ ರುಚಿ ಹತ್ತಿದ್ದು ಕೆನಡಾದಲ್ಲಿ, ಇದೊಂದು ವಿನೋದ.

ಈ ಇಬ್ಬರೂ ಕೂಡಿ ಕರಿಯ ಸೂಟು, ಕರಿಯ ಹ್ಯಾಟು, ಕಪ್ಪು ಕನ್ನಡಕ ತೊಟ್ಟು ಜೇಕ್, ಎಲ್‌ವುಡ್ ಎಂಬ ಇಬ್ಬರು ಸೋದರರ ವೇಷ ಕಟ್ಟಿದರು. ಜೇಕ್ ಹಾಡುವವನು, ಎಲ್‌ವುಡ್ ಮೌತ್ ಆರ್ಗನ್ ಊದುವವನು. ಒಬ್ಬ ಹಾಡುಗಾರ, ಒಬ್ಬ ಮೌತ್ ಆರ್ಗನ್ ವಾದಕ, ಇಬ್ಬರೂ ಸೋದರರು ಎಂದ ಮೇಲೆ ಈ ಚಿತ್ರ ಎಲ್ಲಿಂದ ಬಂದಿತೆಂದು ಬಿಡಿಸಿ ಹೇಳಬೇಕಾಗಿಲ್ಲ. ತಮ್ಮ ವೇಷಕ್ಕೆ ವಾಲ್ಶ್ ಸೋದರರೇ ಮಾದರಿಗಳಲ್ಲಿ ಮುಖ್ಯರೆಂದು ಏಕ್ರಾಯ್ಡನೇ ಒಪ್ಪಿಕೊಂಡಿದ್ದಾನೆ. 1978ರ ಏಪ್ರಿಲಿನಲ್ಲಿ ಅಮೆರಿಕದ ದೂರದರ್ಶನದ 'ಸ್ಯಾಟರ್ಡೇ ನೈಟ್ ಲೈವ್' ಕಾರ್ಯಕ್ರಮದಲ್ಲಿ ಬ್ಲೂಸ್ ಬ್ರದರ್ಸ್ ಎಂಬ ಹೆಸರಿನಿಂದ ಅವರು ಹಾಡಿದರು. ಅದೇ ವರ್ಷ ಹೊರಬಂದ 'ಬ್ರೀಫ್‌ಕೇಸ್ ಫುಲ್ ಆಫ್ ಬ್ಲೂಸ್' ಎಂಬ ತಟ್ಟೆ ಅಮೆರಿಕದ ಪಟ್ಟಿಯಲ್ಲಿ ಮೊದಲನೆಯ ಸ್ಥಾನಕ್ಕೇರಿತು. ಇಪ್ಪತ್ತು ಲಕ್ಷಕ್ಕೂ ಮೀರಿ ಖರ್ಚಾಯಿತು. ಡೌನ್‌ಚೈಲ್ಡ್ ವೃಂದದ ಎರಡು ಸ್ವಂತ ಹಾಡುಗಳೂ, ಹಾಕ್ ಕೆನಡಾಕ್ಕೆಲ್ಲ ಹಾಡಿ ಕೇಳಿಸಿದ್ದ ಆ ಜೋ ಟರ್ನರನ ಹಾಡೂ ಅದರಲ್ಲಿದ್ದವು. 1980ರಲ್ಲಿ ಇದೇ ವೇಷಗಳನ್ನಿಟ್ಟುಕೊಂಡು ದೊಡ್ಡ ಚಲನಚಿತ್ರ ಬಂದಿತು.

ವಾಚಕರು ಒಂದು ಕ್ಷಣ ಆ ಕಾಲಕ್ಕೆ ಹೋಗಿ ಡಾನಿ ವಾಲ್ಶನ ಜಾಗದಲ್ಲಿ ನಿಂತು ನೋಡಬೇಕು. ಹತ್ತು ವರ್ಷ ಪಾನಗೃಹದಿಂದ ಪಾನಗೃಹಕ್ಕೆ ಸಾಮಾನು ಹೊತ್ತು ತಿರುಗಿದವನು ಅವನು. ಅವನ ವೃಂದ ಇನ್ನೂ ವ್ಯಾನಿನಲ್ಲಿಯೇ ಇದೆ. ಅವನ ಹಾಡನ್ನು, ಅವನ ಮತ್ತು ಅವನ ತಮ್ಮನ ನೆರಳನ್ನು, ಇಬ್ಬರು ಹಾಸ್ಯನಟರು ತೊಟ್ಟುಕೊಂಡು ಜಗತ್ತನ್ನು ಗೆದ್ದಿದ್ದಾರೆ. ಜಗತ್ತು ಕೊಂಡಾಡುತ್ತಿರುವುದು ಪ್ರತಿಬಿಂಬವನ್ನು. ಕನ್ನಡಿಯ ಮುಂದೆ ನಿಂತವನನ್ನು ಕೇಳುವವರಿಲ್ಲ. ಇನ್ನೂ ಕಠೋರವಾದ ಮಾತೊಂದಿದೆ. ಚಿತ್ರದಲ್ಲಿ ಜೇಕ್ ಸೆರೆಮನೆಯಿಂದ ಬಿಡುಗಡೆಯಾಗುತ್ತಾನೆ. ಎಲ್‌ವುಡ್ ಬಾಗಿಲಲ್ಲಿ ಕಾದಿದ್ದು ಕರೆದೊಯ್ಯುತ್ತಾನೆ. ತಾವು ಬೆಳೆದ ಅನಾಥಾಲಯದ ತೆರಿಗೆಯ ಬಾಕಿ 5000 ಡಾಲರುಗಳನ್ನು ತೀರಿಸುವುದಕ್ಕಾಗಿ, ಚದುರಿಹೋದ ವೃಂದವನ್ನು ಮತ್ತೆ ಕೂಡಿಸುತ್ತಾರೆ. ತೆರೆಯ ಮೇಲಿನ ಸೋದರರು ಎಂಥ ಆಪತ್ತಿನಲ್ಲಿಯೂ ಅಗಲಲಿಲ್ಲ. ಟೊರಾಂಟೋದ ಸೋದರರು ಅಷ್ಟರಲ್ಲಿ ಅಗಲಿಯಾಗಿತ್ತು.

ಹಾಗಾದರೆ ಇದು ಕಳವಿನ ಕಥೆಯೆ? ಬಸ್ಸಿನಲ್ಲಿ ಕುಳಿತು ನಾನು ಕೇಳಿಕೊಂಡ ಪ್ರಶ್ನೆ ಇದು. ಅಲ್ಲವೆಂದೇ ನನ್ನ ಭಾವನೆ. ಹಾಡುಗಳ ಕರ್ತೃವಿನ ಸ್ಥಾನದಲ್ಲಿ ವಾಲ್ಶ್ ಹೆಸರೇ ಅಚ್ಚಾಯಿತು. ಕರ್ತೃವಿಗೆ ಸಲ್ಲಬೇಕಾದ ಹಕ್ಕಿನ ಹಣ ಆ ಹೆಸರಿಗೆ ಸೇರುವಂಥದು. ಏಕ್ರಾಯ್ಡ್ ತಾನು ಯಾರಿಂದ ಪಡೆದೆನೆಂಬುದನ್ನು ಹೋದೆಡೆಯಲ್ಲೆಲ್ಲ ಹೇಳಿದನು. ಅಷ್ಟೇ ಅಲ್ಲ, ಚಲನಚಿತ್ರದಲ್ಲಿ ರೇ ಚಾರ್ಲ್ಸ್, ಅರೀತಾ ಫ್ರಾಂಕ್ಲಿನ್, ಜೇಮ್ಸ್ ಬ್ರೌನ್, ಜಾನ್ ಲೀ ಹೂಕರ್, ಕ್ಯಾಬ್ ಕ್ಯಾಲೊವೇ ಮೊದಲಾದ ಹಿರಿಯ ಕರಿಯ ಕಲಾವಿದರೇ ಬಂದು ತಮ್ಮ ಹಾಡನ್ನು ತಾವೇ ಹಾಡಿದರು. ವೇಷಧಾರಿಗಳು ಮೂಲದವರನ್ನು ಪರದೆಯ ಹಿಂದೆ ಬಚ್ಚಿಡಲಿಲ್ಲ. ಕೈಹಿಡಿದು ಮುಂದಕ್ಕೆ ತಂದರು. ಚಲನಚಿತ್ರದ ಭಾಷೆಯಲ್ಲಿ ಪೂರ್ವಕವಿಸ್ಮರಣೆ ಮಾಡುವುದೆಂದರೆ ಹೀಗಲ್ಲದೆ ಇನ್ನು ಹೇಗೆ?

ಮೇಲಾಗಿ, ತನ್ನ ಹಾಡನ್ನು ಬೇರೆಯವರು ಕೊಂಡೊಯ್ದರೆಂದು ಡಾನಿ ದೂರುವುದಾದರೆ, ಜಿಮ್ಮಿ ರೀಡ್, ಇಬ್ಬರು ಸನ್ನಿ ಬಾಯ್‌ಗಳು, ಜೋ ಟರ್ನರ್ ಇವರೆಲ್ಲ ಮೊದಲು ಎದ್ದು ನಿಂತು ಸಾಕ್ಷಿ ಹೇಳಬೇಕಾಗುತ್ತಿತ್ತು. ಕರಿಯ ಗಾಯಕರ ಹಾಡುಗಳಿಂದ ಬಿಳಿಯರು ಹಣ ಮಾಡಿಕೊಂಡದ್ದೂ, ಹಾಡಿದವರಿಗೆ ಅದರಲ್ಲಿ ನ್ಯಾಯವಾದ ಪಾಲು ಅನೇಕ ವೇಳೆ ದೊರೆಯದೆ ಹೋದದ್ದೂ ಆ ದೇಶದ ಸಂಗೀತದ ಇತಿಹಾಸದಲ್ಲಿ ಅಳಿಸಲಾಗದ ಕಲೆ. ಬ್ಲೂಸ್ ನುಡಿಸುವ ಬಿಳಿಯ ಕಲಾವಿದ ಎಷ್ಟೇ ಪ್ರಾಮಾಣಿಕನಾದರೂ ಆ ಲೆಕ್ಕ ಅವನ ಹೆಗಲ ಮೇಲಿರುತ್ತದೆ. ಡಾನಿ ಆ ಲೆಕ್ಕವನ್ನು ತೀರಿಸಿದ ಬಗೆ ಯಾವುದೆಂದರೆ, ನುಡಿಸಿದುದು. ಖ್ಯಾತಿ ಬೇರೆಯವರ ಮನೆಗೆ ಹೋದ ಮೇಲೆಯೂ ತನ್ನ ಮಟ್ಟಿಗೆ ಅಂಗಡಿ ಮುಚ್ಚದೆ, ವರ್ಷ ವರ್ಷವೂ ಅದೇ ಹನ್ನೆರಡು ಆವರ್ತಗಳನ್ನು, ಕಲಿತವರಿಗೆ ಅಪಚಾರವಾಗದಂತೆ ನುಡಿಸುತ್ತ ಹೋದುದು.

ಅದು ಸುಲಭವಾಗಿರಲಿಲ್ಲ. 1982 ಕ್ರೂರವಾದ ವರ್ಷ. ಮಾರ್ಚಿಯಲ್ಲಿ ಜಾನ್ ಬೆಲುಷಿ ಮಾದಕದ್ರವ್ಯಕ್ಕೆ ಬಲಿಯಾದನು. ಅವನಿಗೆ 33 ವರ್ಷ. ಜುಲೈ ತಿಂಗಳಲ್ಲಿ ಜೇನ್ ವೇಸಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಳು. ಆಕೆಗೂ ಅಷ್ಟೇ ಹರೆಯ. ವೃಂದದ ಹೊಸ ಸ್ಟುಡಿಯೋ ತಟ್ಟೆ ಮುಂದೆ ಬಂದದ್ದು 1987ರಲ್ಲಿ. ಅದರ ಹೆಸರು 'ಇಟ್ಸ್ ಬೀನ್ ಸೋ ಲಾಂಗ್'. ತುಂಬ ದಿನಗಳಾಗಿಹೋದವು ಎಂದು ಅರ್ಥ. ಮೂರು ಸಾಲಿನ ಹಾಡಿನಲ್ಲಿ ಎರಡನೆಯ ಸಾಲಿಗೂ ಮೂರನೆಯ ಸಾಲಿಗೂ ನಡುವೆ ಗಾಯಕ ಉಸಿರು ತೆಗೆದುಕೊಳ್ಳುವಂತೆ ಆ ಐದು ವರ್ಷಗಳು ನನಗೆ ತೋರುತ್ತವೆ.

1990ರಲ್ಲಿ ಚಕ್ ಜ್ಯಾಕ್ಸನ್ ಎಂಬ ಗಾಯಕ ಬಂದನು. ಹಿಂದೆ ಲೂ ರೀಡ್ ಎಂಬ ಪ್ರಖ್ಯಾತನ ಸಂಗಡ ನುಡಿಸಿದ್ದ ಮೈಕೆಲ್ ಫಾನ್‌ಫರಾ ಪಿಯಾನೋ ಮುಂದೆ ಕುಳಿತನು. ಸ್ಯಾಕ್ಸೊಫೋನಿಗೆ ಪ್ಯಾಟ್ ಕೇರಿ, ಬಾಸಿಗೆ ಹಳೆಯ ಜೊತೆಗಾರ ಗ್ಯಾರಿ ಕೆಂಡಲ್, ಡ್ರಮ್ಮಿಗೆ ಮೈಕ್ ಫಿಟ್ಜ್‌ಪ್ಯಾಟ್ರಿಕ್. ಹೀಗೆ ನೆಲೆಗೊಂಡ ಈ ಮೇಳ ಬಹುಕಾಲ ಬಾಳಿತು. ಮೊದಲಿನಿಂದ ಲೆಕ್ಕ ಹಾಕಿದರೆ ಈ ವೃಂದದಲ್ಲಿ ನುಡಿಸಿ ಹೋದವರ ಸಂಖ್ಯೆ ನೂರನ್ನು ಮೀರುತ್ತದೆ. ಊರ ಛತ್ರದಂತೆ ಬಂದವರು ಬಂದರು, ಹೋದವರು ಹೋದರು. ದೀಪ ಹಚ್ಚುವವನು ಮಾತ್ರ ಒಬ್ಬನೇ.

1999ರ ಡಿಸೆಂಬರ್ 31ರಂದು, ಲೋಕವೆಲ್ಲ ಹೊಸ ಸಹಸ್ರಮಾನಕ್ಕೆ ಪಟಾಕಿ ಹಚ್ಚಲು ಸಿದ್ಧವಾಗುತ್ತಿದ್ದ ದಿನ, ಹಾಕ್ ವಾಲ್ಶ್ ತೀರಿಕೊಂಡನು. ಅವನ ಸ್ಥಾನಕ್ಕೆ ಬಂದಿದ್ದ ಟೋನಿ ಫ್ಲೇಮ್ ಕೂಡ 2000ದಲ್ಲಿ ಹೊರಟುಹೋದನು. ಬಿಟ್ಟುಹೋದ ಕಂಠವೂ, ಅದರ ಬದಲಿಗೆ ಬಂದ ಕಂಠವೂ ಒಂದರ ಹಿಂದೊಂದು ಮೌನವಾದವು.

ಕರಿಯ ಗುರುಗಳ ಋಣವನ್ನು ಡಾನಿ ನುಡಿಸಿ ತೀರಿಸಬಹುದಾಗಿತ್ತು. ಏಕ್ರಾಯ್ಡ್ ತನ್ನ ಋಣವನ್ನು ಹೇಳಿಕೊಂಡು ತೀರಿಸಿದನು. ಆದರೆ ತಮ್ಮನ ಋಣ? ಅದನ್ನು ಕೊಡಲು ಇನ್ನು ಯಾವ ಮನೆಯ ಬಾಗಿಲು ತಟ್ಟಬೇಕು? ಜೇಕನನ್ನು ಕರೆತರಲು ಎಲ್‌ವುಡ್ ಹೋದ ಹಾಗೆ ಹೋಗಲು ಇನ್ನು ಸಾಧ್ಯವಿರಲಿಲ್ಲ. ಕೆಲವು ಸಾಲಗಳು ಹೀಗೆಯೇ. ಸಾಲ ಕೊಟ್ಟವನೇ ಇಲ್ಲವಾದ ಮೇಲೆ ಬಡ್ಡಿ ಮಾತ್ರ ಬೆಳೆಯುತ್ತ ಹೋಗುತ್ತದೆ.

2014ರಲ್ಲಿ ಕೆನಡಾದ ಸಂಗೀತಕ್ಷೇತ್ರದ ಜೂನೋ ಪ್ರಶಸ್ತಿ, ಆ ವರ್ಷದ ಉತ್ತಮ ಬ್ಲೂಸ್ ಸಂಪುಟಕ್ಕೆ ಸಲ್ಲುವುದು, ಡೌನ್‌ಚೈಲ್ಡ್ ವೃಂದಕ್ಕೆ ಬಂದಿತು. ಹಿಂದಿನ ವರ್ಷ ಹೊರಬಂದಿದ್ದ ಆ ಸಂಪುಟದ ಹೆಸರೂ ಒಂದು ಪ್ರಶ್ನೆ: ಸಂಗೀತ ನಿಮಗೆ ಕೇಳಿಸುತ್ತಿದೆಯೆ? ಕೇಳಿಸುತ್ತಿದೆಯೆಂದು ದೇಶ ಉತ್ತರ ಹೇಳುವ ಹೊತ್ತಿಗೆ ವೃಂದಕ್ಕೆ 45 ವರ್ಷ ತುಂಬುತ್ತಿತ್ತು.

2019ರ ಜೂನ್ ತಿಂಗಳಲ್ಲಿ ಟೊರಾಂಟೋ ಜ್ಯಾಜ್ ಉತ್ಸವದಲ್ಲಿ ವೃಂದದ ಸುವರ್ಣೋತ್ಸವ ನಡೆಯಿತು. ಅತಿಥಿಯಾಗಿ ಡ್ಯಾನ್ ಏಕ್ರಾಯ್ಡ್ ಬಂದನು. 1978ರಲ್ಲಿ ಬ್ಲೂಸ್ ಬ್ರದರ್ಸ್ ವಾದ್ಯಮೇಳವನ್ನು ಸಜ್ಜುಗೊಳಿಸಿದ್ದ ಪಾಲ್ ಷೇಫರ್ ಬಂದನು. ಮೂಲ ಯಾವುದು, ಪ್ರತಿಬಿಂಬ ಯಾವುದು ಎಂಬ ವಾದಕ್ಕೆ ಆ ರಾತ್ರಿ ಅವಕಾಶವಿರಲಿಲ್ಲ. ಬಿಂಬ ಪ್ರತಿಬಿಂಬಗಳೆರಡೂ ಒಂದೇ ವೇದಿಕೆಯ ಮೇಲೆ ನಿಂತು ನುಡಿಸಿದವು. ಅದರ ಧ್ವನಿಮುದ್ರಿಕೆ ಮರುವರ್ಷ ಹೊರಬಂದಿತು. 2021ರ ಜನವರಿಯಲ್ಲಿ ಫಾನ್‌ಫರಾ ಕೂಡ ತೀರಿಕೊಂಡುದರಿಂದ, ಆ ಹಳೆಯ ಮೇಳದ ಪಿಯಾನೋ ಕೇಳಬೇಕೆಂಬವರಿಗೆ ಅದೊಂದು ನೆನಪಿನ ಬುತ್ತಿಯಾಗಿದೆ.

ಮುಂದಿನ ತರಗತಿಯಲ್ಲಿ ಈ ಕಥೆಯನ್ನು ಸಂಕ್ಷೇಪವಾಗಿ ಹೇಳಿದೆ. ಪಠ್ಯಕ್ಕೂ ಇದಕ್ಕೂ ಏನು ಸಂಬಂಧವೆಂದು ಮುಂದಿನ ಬೆಂಚಿನವರು ಪರಸ್ಪರ ಮುಖ ನೋಡಿಕೊಂಡರು. ಪಡೆದುದನ್ನು ಪಡೆದೆನೆಂದು ಹೇಳುವುದರಿಂದ ಕವಿಯದೆನ್ನುವುದು ಕಡಮೆಯಾಗುವುದಿಲ್ಲ. ಹೇಳಿದ ಮೇಲೆಯೇ, ಹಿಂದಿನವರದು ಎಲ್ಲಿ ಮುಗಿದು ಅವನದು ಎಲ್ಲಿ ಮೊದಲಾಯಿತೆಂಬ ಗೆರೆ ನಮಗೆ ಕಾಣುತ್ತದೆ, ಎಂದೆ. ಮಾತು ಸ್ವಲ್ಪ ಉಪದೇಶದಂತಾಯಿತೇನೋ ಎಂದು ನನಗೇ ಅನ್ನಿಸಿತು.

ಹಿಂದಿನ ಬೆಂಚಿನ ಹುಡುಗ ಏನೂ ಹೇಳಲಿಲ್ಲ. ಎರಡು ದಿನ ಕಳೆದ ಮೇಲೆ ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ಬಂದು ನಿಂತನು. 1973ರ ಮೂಲ ಧ್ವನಿಮುದ್ರಿಕೆಯನ್ನು ಹುಡುಕಿ ಕೇಳಿದ್ದನಂತೆ. "ಇದರಲ್ಲಿ ತಮಾಷೆ ಕಡಮೆ ಸಾರ್. ಆದರೆ ಹಾಡುವವನ ದನಿ ಬಿಡುವುದಿಲ್ಲ. ಯಾರು ಸಾರ್ ಅವನು?"

"ಹಾಕ್ ವಾಲ್ಶ್. ತಮ್ಮ" ಎಂದೆ.

ಹುಡುಗ ಜೇಬಿನಿಂದ ಪೆನ್ನು ತೆಗೆದು, ಹಳಗನ್ನಡದ ನೋಟ್‌ಪುಸ್ತಕದ ಅಂಚಿನಲ್ಲಿ, ಪೂರ್ವಕವಿಸ್ಮರಣೆಯ ಟಿಪ್ಪಣಿಯ ಮಗ್ಗುಲಲ್ಲಿಯೇ, ಆ ಹೆಸರನ್ನು ಬರೆದುಕೊಂಡು ಹೋದನು.